ಗೋಡೆಯ ಮೇಲಿನ ಕಾಡಿಗೆ ಚುಕ್ಕೆಗಳು

ಅತ್ತೆಯವರ ತಲೆ ಬಾಚಿ ತುರುಬು ಕಟ್ಟುವ ಕೆಲಸ, ನಾನು ರಾಯಬಾಗ ತಾಲೂಕಿನ ಆ ಮನೆಗೆ ಸೊಸೆಯಾಗಿ ಹೋದ ಮರುದಿನವೇ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಎದ್ದು ಅಡುಗೆಮನೆಯ ಬಾಗಿಲ ಬಳಿ ಕೂತು, ಎಣ್ಣೆಯ ಬಟ್ಟಲನ್ನು ನನ್ನ ಕಡೆ ಸರಿಸುತ್ತಿದ್ದರು. ಮಾತಿಲ್ಲ, ಕತೆಯಿಲ್ಲ. ಸೊಸೆ ಬಂದಳಲ್ಲ, ಇನ್ನು ನಾನೇಕೆ ಕೈ ಎತ್ತಲಿ ಎಂಬ ಗತ್ತು ಇದು ಎಂದು ನಾನು ಒಳಗೊಳಗೇ ಉರಿಯುತ್ತಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಒಂದೊಂದು ದಿನ ಬೇಕೆಂದೇ ಸಿಕ್ಕು ಜಗ್ಗಿದ್ದೂ ಉಂಟು.

ಇದು ಎಂಬತ್ತರ ದಶಕದ ಕೊನೆಯ ಮಾತು. ಹಾರೂಗೇರಿಯ ತವರಿನಲ್ಲಿ ಮೊದಲ ಹೆರಿಗೆ ಮುಗಿಸಿ, ಐದು ತಿಂಗಳ ಹೆಣ್ಣು ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಮರಳಿದ್ದೆ. ಅಲ್ಲಿ ನಡುಮನೆಯಲ್ಲಿ ಮಾವನವರು ದಿನವಿಡೀ ಗಾದಿಯ ಮೇಲೆ ಕೂರುತ್ತಿದ್ದರು. ಅಡುಗೆಮನೆಯಲ್ಲಿ ಕೂಸಿಗೆ ಹೊಗೆ. ಹಗಲು ಹೊತ್ತು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರೆ ಕೆಲಸಗಳ್ಳಿ ಎಂಬ ಹೆಸರು. ಹಾಗಾಗಿ ಹಾಲು ಕುಡಿಸುವ ಸೊಸೆಗೆ ಉಳಿದದ್ದು ಒಂದೇ ಜಾಗ, ನಡುಮನೆಯಲ್ಲಿ ಪೇರಿಸಿಟ್ಟ ಜೋಳದ ಚೀಲಗಳ ಪಕ್ಕದ ಮೂಲೆ. ಗೋಡೆಗೆ ಮುಖ, ಮನೆಗೆ ಬೆನ್ನು. ಸೆರಗು ಜಾರದಂತೆ ಗಲ್ಲದಡಿ ಒತ್ತಿ ಹಿಡಿದು, ಹೆಗಲನ್ನು ಕಿವಿಯ ತನಕ ಏರಿಸಿ, ಕೂಸಿನ ಮೇಲೆ ಬಗ್ಗಿ ಕೂರಬೇಕು. ಎಡಕ್ಕೆ ಚೀಲಗಳು ಒತ್ತಿಕೊಂಡಿದ್ದರಿಂದ ಬಲ ಎದೆಗೆ ಮಲಗಿಸಿದರೆ ಕೂಸಿನ ಕಾಲಿಗೆ ಜಾಗ ಸಾಲುತ್ತಿರಲಿಲ್ಲ. ಹೆಚ್ಚಾಗಿ ಎಡ ಎದೆಯೇ ಆಗಿಬಿಟ್ಟಿತ್ತು. ಇದೆಲ್ಲ ಮರ್ಯಾದೆ ಎಂದುಕೊಂಡಿದ್ದೆ, ನೋವಿಗೆ ದಾರಿ ಎಂದು ಯಾರಿಗೆ ಗೊತ್ತು?

ಮೊದಲು ಎಡ ಬೆನ್ನಿನಲ್ಲಿ, ಹೆಗಲ ಹಿಂದಿನ ಹಲಗೆ ಎಲುಬಿನ ಅಂಚಿಗೆ, ಮುಳ್ಳು ಚುಚ್ಚಿದಂತೆ ಆಗುತ್ತಿತ್ತು. ತಿಂಗಳು ಕಳೆಯುವಷ್ಟರಲ್ಲಿ ಕೊಡ ಎತ್ತಿದರೆ ಕೈ ನಡುಗತೊಡಗಿತು. ಒಂದು ಸಂಜೆ ತೊಟ್ಟಿಲಿನಿಂದ ಕೂಸನ್ನು ಎತ್ತುವಾಗ ಎಡಗೈ ಸತ್ತಂತೆ ಜೋತುಬಿತ್ತು. ಕೂಸು ಜಾರಿತು. ಕೆಳಗೆ ಕೌದಿಗಳ ರಾಶಿ ಇದ್ದದ್ದರಿಂದ ಪೆಟ್ಟಾಗಲಿಲ್ಲ. ಆದರೆ ಅತ್ತೆ ಅಲ್ಲೇ ನಿಂತಿದ್ದರು, ಎಲ್ಲವನ್ನೂ ನೋಡಿದರು.

"ಕೂಸು ಹಾಲಿನ ಸಂಗಾಟ ನಿನ್ನ ನರಾನೂ ಜಗ್ಗಾಕತ್ತೈತಿ," ಎಂದರು. "ಅಮಾಸಿ ಮಟಾ ನೋಡ್ತೀನಿ. ಕೈ ನೆಟ್ಟಗ ಆಗಲಿಲ್ಲಂದ್ರ ಎದಿಗೆ ಮಲ್ಲಿಗಿ ಕಟ್ಟಿ ಹಾಲು ಬಿಡಸೂದು. ಎಮ್ಮಿ ಹಾಲು ಕುಡೀಲಿ."

ಹಾಲು ಬತ್ತಿಸಲು ಮಲ್ಲಿಗೆ ಹೂವನ್ನು ಎದೆಗೆ ಬಿಗಿದು ಕಟ್ಟುವುದನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ಎಮ್ಮೆ ಹಾಲಿನ ರುಚಿಯನ್ನೂ ನನ್ನ ಕೂಸು ಒಮ್ಮೆ ಕಂಡಿತ್ತು. ತವರಿನಲ್ಲಿ ನನಗೆ ಜ್ವರ ಬಂದಾಗ ಎರಡು ದಿನ ನೀರು ಬೆರೆಸಿ ಕೊಟ್ಟಿದ್ದರು. ಕುಡಿದದ್ದೆಲ್ಲ ಒಡೆದು ಹೊರಬಂದು, ಭೇದಿ ಹತ್ತಿ, ಕೂಸಿನ ಕಣ್ಣು ಗುಳಿಬಿದ್ದಿದ್ದವು. ಅಮಾವಾಸ್ಯೆಗೆ ಇನ್ನು ಹನ್ನೆರಡೇ ದಿನ ಉಳಿದಿತ್ತು.

ಮರುದಿನವೇ ನನ್ನವರ ಬೆನ್ನುಬಿದ್ದು ಮಿರಜಿನ ಬಸ್ಸು ಹತ್ತಿಸಿದೆ. ಅಲ್ಲಿಯ ಎಲುಬಿನ ಡಾಕ್ಟರು ಫೋಟೊ ತೆಗೆಸಿ, ಎಲುಬಿಗೆ ಏನೂ ಆಗಿಲ್ಲ ಎಂದು ಹೇಳಿ, ಎಲ್ಲರೂ 'ಬಾಯಿ' ಎಂದು ಕರೆಯುತ್ತಿದ್ದ, ವ್ಯಾಯಾಮ ಹೇಳಿಕೊಡುವವರ ಕೋಣೆಗೆ ಕಳಿಸಿದರು. ನಡುವಯಸ್ಸಿನ ಹೆಂಗಸು. ಮರಾಠಿ ಕಲೆತ ಕನ್ನಡ. ನನ್ನ ಬೆನ್ನಿನ ಮೇಲೆ ಬೆರಳಾಡಿಸಿ ನೋಡಿ, ಕೂಸನ್ನು ನನ್ನ ಮಡಿಲಿಗಿಟ್ಟು, "ಹೆಂಗ ಕುಂತು ಕುಡಿಸ್ತೀರಿ, ತೋರಸ್ರಿ," ಎಂದರು.

ನಾನು ಎದ್ದು ಕಪಾಟಿನ ಪಕ್ಕದ ಮೂಲೆ ಹುಡುಕಿ, ಗೋಡೆಗೆ ಮುಖ ಹಾಕಿ ಕೂತೆ. ಸೆರಗನ್ನು ಗಲ್ಲದಡಿ ಒತ್ತಿ ಹಿಡಿದೆ.

ಹಿಂದಿನಿಂದ ಅವರು ಮೆಲ್ಲಗೆ, "ಅಹೋ, ಯಾರಿಗಿ ನಾಚಿ ಕುಂತೀರಿ? ಇಲ್ಲಿ ನಾ ಒಬ್ಬಾಕಿ ಅದೀನಿ," ಎಂದರು.

ನನಗೆ ಅಳು ಬಂತು. ಅಳುವಿಗಿಂತ ಹೆಚ್ಚು ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದ ಸಿಟ್ಟು.

ಅವರು ನನ್ನನ್ನು ತಿರುಗಿಸಿ ಗೋಡೆಗೆ ಬೆನ್ನು ಹಚ್ಚಿ ಕೂರಿಸಿದರು. ತೊಡೆಯ ಮೇಲೆ ದಿಂಬು ಇಟ್ಟು ಕೂಸನ್ನು ಅದರ ಮೇಲೆ ಮಲಗಿಸಿದರು. "ಕೂಸಿನ್ನ ಎದಿಗಿ ತಗೋರಿ. ಎದಿನ್ನ ಕೂಸಿನ ಕಡೆ ಒಯ್ಯಬ್ಯಾಡ್ರಿ. ಒಮ್ಮಿ ಎಡಕ್ಕ, ಒಮ್ಮಿ ಬಲಕ್ಕ." ಆಮೇಲೆ ವ್ಯಾಯಾಮ. ಬೆನ್ನಿನ ಎರಡೂ ಹಲಗೆಗಳ ನಡುವೆ ನಿಂಬೆಹಣ್ಣು ಹಿಡಿದಂತೆ ಅವನ್ನು ಹಿಂದಕ್ಕೆ ಕೂಡಿಸಿ, ಐದು ಎಣಿಸಿ ಬಿಡುವುದು. ಗೋಡೆಗೆ ಅಂಗೈ ಊರಿ ಮೈಯನ್ನು ಹಿಂದಕ್ಕೂ ಮುಂದಕ್ಕೂ ತಳ್ಳುವುದು. ಕೊನೆಗೆ ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಒಂದೊಂದಾಗಿ ಮೇಲಕ್ಕೆ ನಡೆಸುವುದು. ಎಲ್ಲಿಗೆ ನಿಂತವೋ ಅಲ್ಲಿ ದಿನಾ ಒಂದು ಗುರುತು ಹಾಕಿಕೊಳ್ಳಬೇಕು.

"ಬಾಣಂತಿ ಕೈ ಎತ್ತಿದ್ರ ಹಾಲು ಬತ್ತತಾವಂತಾರಲ್ರಿ?" ಎಂದು ಹೆದರಿ ಕೇಳಿದೆ.

ಅವರು ನಕ್ಕರು. "ಹಂಗಿದ್ರ ಗ್ವಾಡಿಗೆ ಸುಣ್ಣಾ ಹಚ್ಚೂ ಹೆಣ್ಮಕ್ಕಳ ಕೂಸು ಒಂದೂ ಬದಕ್ತಿದ್ದಿಲ್ರಿ."

ಮನೆಯಲ್ಲಿ ಇದನ್ನೆಲ್ಲ ಹೇಳುವಂತಿರಲಿಲ್ಲ. ಮಧ್ಯಾಹ್ನ ಅತ್ತೆ ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದರು, ಮಾವ ಗಾದಿಯ ಮೇಲೆ ಗೊರಕೆ ಹೊಡೆಯುತ್ತಿದ್ದರು. ಆಗ ಅದೇ ಮೂಲೆಗೆ ಹೋಗಿ ಗೋಡೆಗೆ ಬೆರಳು ಹಚ್ಚುತ್ತಿದ್ದೆ. ಗುರುತಿಗೆ ಕೂಸಿನ ಕಾಡಿಗೆಯೇ ಸಿಕ್ಕಿತು. ಮೊದಲ ಚುಕ್ಕೆ ನನ್ನ ಕಿವಿಯ ಮಟ್ಟಕ್ಕೆ ನಿಂತಿತು. ಅಲ್ಲಿಂದ ಮೇಲೆ ಕೈ ಒಯ್ದರೆ ಬೆನ್ನಿನಲ್ಲಿ ಕೆಂಡ ಇಟ್ಟಂತಾಗುತ್ತಿತ್ತು. ಐದನೆಯ ದಿನಕ್ಕೆ ಚುಕ್ಕೆ ನಾಲ್ಕು ಬೆರಳು ಮೇಲೇರಿತು. ಆರನೆಯ ದಿನ ಕೆಳಗಿಳಿಯಿತು. ಏಳನೆಯ ದಿನ ಇನ್ನೂ ಕೆಳಗೆ. ನನಗೆ ದಿಕ್ಕೇ ತೋಚಲಿಲ್ಲ. ಅಮಾವಾಸ್ಯೆ ಎದುರಿಗೇ ಬಂದು ನಿಂತಿತ್ತು.

ಆಮೇಲೆ ಹೊಳೆಯಿತು. ದಿನಕ್ಕೊಮ್ಮೆ ಗೋಡೆಗೆ ಕೈ ಹಚ್ಚಿ, ಎಂಟು ಸಲ ಅದೇ ಮೂಲೆಯಲ್ಲಿ ಮುದುಡಿ ಕೂತರೆ ಏನು ಫಲ? ಬಾಯಿಯವರು ಹೇಳಿದ್ದರಲ್ಲಿ ಅರ್ಧ ಮಾತ್ರ ಮಾಡುತ್ತಿದ್ದೆ. ಉಳಿದರ್ಧ ಮಾಡಬೇಕೆಂದರೆ ಗೋಡೆಗೆ ಬೆನ್ನು ಹಾಕಬೇಕು. ಎಂದರೆ ಮಾವನವರ ಗಾದಿಗೆ ಮುಖ ಮಾಡಬೇಕು.

ಕೌದಿಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು, ಸೆರಗನ್ನು ಪೂರ್ತಿ ಹೊದ್ದು, ತಿರುಗಿ ಕೂತುಬಿಟ್ಟೆ. ಮಾವ ಒಮ್ಮೆ ಕೆಮ್ಮಿದರು. ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಆ ದಿನ ಒಂದೇ ಪುಟವನ್ನು ಅವರು ಎಷ್ಟು ಹೊತ್ತು ಓದಿದರೋ! ಅತ್ತೆ ನೋಡಿದರು, ತುಟಿ ಬಿಗಿದು ಅಡುಗೆಮನೆಗೆ ಹೋದರು. ಬೈದಿದ್ದರೆ ವಾಸಿಯಿತ್ತು.

ಅಮಾವಾಸ್ಯೆಯ ಹಿಂದಿನ ಮಧ್ಯಾಹ್ನ ನಾನು ಗೋಡೆಯ ಮುಂದೆ ಎಡಗೈ ಎತ್ತಿ ನಿಂತಿದ್ದಾಗ ಹಿಂದೆ ಬಳೆ ಸದ್ದಾಯಿತು. ತಿರುಗಿದರೆ ಅತ್ತೆ. ಆ ದಿನ ಹೊಲಕ್ಕೆ ಹೋಗಿರಲಿಲ್ಲ, ಸಂತೆಗೆ ಹೋಗಿ ಬಂದಿದ್ದರು. ಬಲಗೈಯಲ್ಲಿ ಎಲೆಯ ಪೊಟ್ಟಣ. ಬಿಚ್ಚದಿದ್ದರೂ ಮಲ್ಲಿಗೆಯ ವಾಸನೆ ಮೂಗಿಗೆ ಬಡಿಯಿತು. ಅವರ ಕಣ್ಣು ಗೋಡೆಯ ಮೇಲಿತ್ತು.

"ಏನಿವು ಕರೇ ಚುಕ್ಕಿ? ಯಾರ ಮ್ಯಾಲ ಮಾಟಾ ಮಾಡಾಕತ್ತೀಯ ಬೇ?"

ನನ್ನ ಸಹನೆ ಕಿತ್ತುಹೋಯಿತು. "ನನ್ನ ಮ್ಯಾಲ ನಾನ ಮಾಡ್ಕೊಳ್ಳಾಕತ್ತೀನ್ರಿ! ನೋಡ್ರಿ ಇಲ್ಲಿ," ಎಂದು ಕೂಗಿದೆ. ಮೊದಲ ಚುಕ್ಕೆಗೆ ಬೆರಳು ಹಚ್ಚಿ, "ಹತ್ತು ದಿನದ ಹಿಂದ ಇಷ್ಟ ಏಳ್ತಿತ್ತು," ಎಂದೆ. ಅಲ್ಲಿಂದ ಬೆರಳು ನಡೆಸುತ್ತ ನಡೆಸುತ್ತ ಎಲ್ಲ ಚುಕ್ಕೆಗಳನ್ನೂ ದಾಟಿಸಿದೆ. ಅಷ್ಟಕ್ಕೇ ಬಿಡಲಿಲ್ಲ. ತೊಟ್ಟಿಲಿಗೆ ಹೋಗಿ ಎಡಗೈಯಲ್ಲಿ ಕೂಸನ್ನು ಎತ್ತಿಕೊಂಡು ಅವರ ಎದುರು ಬಂದು ನಿಂತೆ. ಕೈ ನಡುಗುತ್ತಿತ್ತು. ಬಿಡಲಿಲ್ಲ. ಕೂಸು ನನ್ನ ಸರದ ಮಣಿ ಹಿಡಿದು ಬಾಯಿಗಿಟ್ಟುಕೊಂಡಿತು.

ಅತ್ತೆ ಪೊಟ್ಟಣವನ್ನು ಜೋಳದ ಚೀಲದ ಮೇಲಿಟ್ಟರು. ಗೋಡೆಯ ಹತ್ತಿರ ಬಂದು, ನಾನು ಮಾಡಿದಂತೆಯೇ ಎಡಗೈ ಬೆರಳುಗಳನ್ನು ಗೋಡೆಗೆ ಹಚ್ಚಿ ಮೇಲಕ್ಕೆ ನಡೆಸಿದರು. ಹೆಗಲ ಮಟ್ಟಕ್ಕೆ ಬಂದದ್ದೇ ನಿಂತವು. ಹಲ್ಲು ಕಚ್ಚಿದರು, ಹಣೆ ಬೆವತಿತು. ನನ್ನಷ್ಟೇ ಎತ್ತರದ ಹೆಂಗಸು, ನನ್ನ ಮೊದಲ ಚುಕ್ಕೆಯನ್ನೂ ಮುಟ್ಟಲಾಗಲಿಲ್ಲ.

"ಆರು ಮಕ್ಕಳಿಗೆ ಇದ ಮೂಲ್ಯಾಗ ಕುಂತು ಕುಡಿಸೀನಿ," ಎಂದರು, ಗೋಡೆಯನ್ನೇ ನೋಡುತ್ತ. "ನಾನೂ ನರಾ ಜಗ್ಗೈತಿ ಅಂತನ ತಿಳಕೊಂಡಿದ್ದೆ. ತುರುಬಿಗೆ ಕೈ ಹೋಗೂದಿಲ್ಲ ನಂದು. ನಿನ್ನ ಕೈ ನನ್ನಂಗ ಆಗಬಾರದಂತ ಹೂವು ತಂದೆ."

ಬೇಕೆಂದೇ ಜಗ್ಗಿದ ಸಿಕ್ಕುಗಳೆಲ್ಲ ನನಗೆ ನೆನಪಾದವು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಹೂವು ದೇವರ ಮನೆಗೆ ಹೋಯಿತು. ಮರುದಿನ ಮಾವನವರ ಗಾದಿ ಹೊರಗಿನ ಕಟ್ಟೆಗೆ ಹೋಯಿತು, ಅವರೂ ತಕರಾರಿಲ್ಲದೆ ಅದರ ಹಿಂದೆ ಹೋದರು. ನನ್ನ ಮಗಳು ಒಂದೂವರೆ ವರ್ಷದವರೆಗೂ ಎದೆಹಾಲು ಕುಡಿದಳು. ಮುಂದೆ ಎಷ್ಟೋ ತಿಂಗಳು ಮಧ್ಯಾಹ್ನ ಅತ್ತೆ ನನ್ನ ಪಕ್ಕದಲ್ಲಿ ನಿಂತು ಗೋಡೆಗೆ ಬೆರಳು ಹಚ್ಚಿದರು. ಅವರ ಚುಕ್ಕೆಗಳು ಕಿವಿಯ ಮಟ್ಟಕ್ಕೆ ಬಂದವು, ಅದಕ್ಕಿಂತ ಮೇಲೆ ಏರಲೇ ಇಲ್ಲ. ಅವರ ತುರುಬನ್ನು ಕೊನೆಯವರೆಗೂ ನಾನೇ ಕಟ್ಟಿದೆ, ಸಿಕ್ಕನ್ನು ಮೆಲ್ಲಗೆ ಬಿಡಿಸಿ.