ಅಣ್ಣನ ನಾಲ್ಕು ದೀಪ

ವಿಜಯವಾಡದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಮೈಕ್ರೋಕಂಟ್ರೋಲರ್ ಲ್ಯಾಬ್ ನಡೆಸುತ್ತೇನೆ. ಪ್ರತಿ ವರ್ಷ ಮೊದಲ ಪ್ರಯೋಗ ಒಂದೇ: ಚಿಪ್ಪಿನ ನಾಲ್ಕು ಪಿನ್ನಿಗೆ ನಾಲ್ಕು ಎಲ್ಇಡಿ ದೀಪ ಜೋಡಿಸಿ ಸೊನ್ನೆಯಿಂದ ಹದಿನೈದರವರೆಗೆ ತೋರಿಸುವುದು. ದೀಪಗಳ ಬೆಲೆ ಎಂಟು, ನಾಲ್ಕು, ಎರಡು, ಒಂದು. ಹತ್ತಿದವನ್ನು ಕೂಡಿದರೆ ಸಂಖ್ಯೆ. ನಮ್ಮ ಲ್ಯಾಬಿನ ಬೋರ್ಡುಗಳಲ್ಲಿ ಮಾತ್ರ ಎಲ್ಲ ಉಲ್ಟಾ. ಪಿನ್ನಿನಲ್ಲಿ ಸೊನ್ನೆ ಇದ್ದಾಗ ದೀಪ ಹತ್ತುತ್ತದೆ, ಒಂದು ಇದ್ದಾಗ ಆರುತ್ತದೆ, ಹಾಗೆ ತಂತಿ ಎಳೆದಿದ್ದೇವೆ. ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿ ಅದನ್ನು ನೆಟ್ಟಗೆ ಮಾಡಿಕೊಳ್ಳಬೇಕು. "ದೀಪ ಹತ್ತಿತು ಅಂತ ನಂಬಬೇಡಿ, ಮೊದಲು ತಂತಿ ನೋಡಿ" ಎಂದು ವಿದ್ಯಾರ್ಥಿಗಳನ್ನು ಗದರುತ್ತೇನೆ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿಗೆ ಬಿದ್ದ ಕಥೆ ನನ್ನದು.

ನನ್ನ ಅಣ್ಣ ವಿಶಾಖಪಟ್ಟಣದ ಬಂದರಿನಲ್ಲಿ ಕ್ರೇನುಗಳ ಎಲೆಕ್ಟ್ರಿಷಿಯನ್ ಆಗಿದ್ದ. ನಾನು ತುಮಕೂರು ಬಿಟ್ಟು ಈ ಕಡೆ ಬಂದದ್ದೇ ಅವನ ಬೆನ್ನು ಹಿಡಿದು. ನನಗೆ ಬೈನರಿ ಹೇಳಿಕೊಟ್ಟವನೂ ಅವನೇ. ನಿವೃತ್ತಿಗೆ ಮೊದಲೇ ನರಗಳ ಕಾಯಿಲೆ ಬಂತು. ಕಾಲು, ಕೈ, ನಾಲಿಗೆ ಒಂದೊಂದಾಗಿ ಸೋಲತೊಡಗಿದವು. ಕೊನೆಗೆ ಉಳಿಯುವುದು ಬಲಗೈಯ ಹೆಬ್ಬೆರಳೊಂದೇ ಎಂದು ನಮಗೆಲ್ಲ ಗೊತ್ತಾಗಿತ್ತು. ಮಾತಾಡುವ ಮೊಬೈಲ್ ತಂದುಕೊಟ್ಟರೆ ಬೇಡವೆಂದ. ಗುಂಡಿ ಮತ್ತು ದೀಪ, ಜೀವನಪೂರ್ತಿ ಅವನು ನಂಬಿದ್ದು ಇವೆರಡನ್ನೇ. ಹಾಗಾಗಿ ನಾಲ್ಕು ದೀಪದ ಒಂದು ಬೋರ್ಡು ಮಾಡಿಕೊಟ್ಟೆ. ಹೆಬ್ಬೆರಳಿನ ಕೆಳಗಿನ ಗುಂಡಿ ಒಮ್ಮೆ ಒತ್ತಿದರೆ ಸಂಖ್ಯೆ ಒಂದು ಏರುತ್ತದೆ. ಯಾವ ಸಂಖ್ಯೆ ಅಂದರೆ ಏನು ಬೇಕು ಎಂಬ ಪಟ್ಟಿ ಗೋಡೆಯ ಮೇಲೆ. ಬೇಕಾದ್ದು ಕೊಟ್ಟ ಮೇಲೆ ಅತ್ತಿಗೆ ಇನ್ನೊಂದು ಗುಂಡಿ ಒತ್ತಿ ಸೊನ್ನೆಗೆ ತರಬೇಕು.

ಬೈನರಿ ಅಂದಕೂಡಲೇ ಅತ್ತಿಗೆ ಕೈ ಮುಗಿದುಬಿಟ್ಟರು. ಎರಡು ದಿನ ಹೆಣಗಿದ ಮೇಲೆ ಅವರೇ ದಾರಿ ಕಂಡುಕೊಂಡರು. "ಇದು ಸೇರು, ಅಚ್ಚೇರು, ಪಾವು, ಅರೆಪಾವು ಅಲ್ವೇನಪ್ಪ? ಇಷ್ಟಕ್ಕೆ ಅಷ್ಟೊಂದು ಇಂಗ್ಲಿಷ್ ಯಾಕೆ?" ಹೌದು, ಎರಡು ಅರೆಪಾವು ಸೇರಿದರೆ ಪಾವು, ಎರಡು ಪಾವು ಸೇರಿದರೆ ಅಚ್ಚೇರು, ಎರಡು ಅಚ್ಚೇರು ಸೇರಿದರೆ ಸೇರು. ಬಜಾರಿನಲ್ಲಿ ತೆಲುಗಿನಲ್ಲೇ ವ್ಯವಹಾರ ಮಾಡುತ್ತಿದ್ದ ಅತ್ತಿಗೆಗೆ ಅಳತೆ ಮಾತ್ರ ಕನ್ನಡದಲ್ಲೇ ಉಳಿದಿತ್ತು. ನನ್ನ ಇಷ್ಟು ವರ್ಷದ ಪಾಠದಲ್ಲಿ ಇಷ್ಟು ಸಲೀಸಾದ ಮಾತು ನನಗೆ ಹೊಳೆದಿರಲಿಲ್ಲ.

ಬೆರಳಿಗೆ ಆಯಾಸವಾಗದಿರಲೆಂದು ಪದೇ ಪದೇ ಬೇಕಾಗುವುದಕ್ಕೆ ಸಣ್ಣ ಸಂಖ್ಯೆ ಕೊಟ್ಟೆವು. ಒಂದು ಅಂದರೆ ಮಗ್ಗುಲು ಹೊರಳಿಸು, ಎರಡು ಅಂದರೆ ನೀರು. 'ತಮ್ಮನಿಗೆ ಫೋನ್ ಮಾಡು' ಎಂಬುದನ್ನು ನಾನು ಮೂರಕ್ಕೆ ಬರೆದಿದ್ದೆ. ಆಗ ಅವನಿಗಿನ್ನೂ ತೊದಲು ಮಾತಿತ್ತು. ನಾನು ವಿಜಯವಾಡಕ್ಕೆ ಹೊರಟ ಮೇಲೆ ಅತ್ತಿಗೆಗೆ ಹೇಳಿ ಅದನ್ನು ಹೊಡೆದುಹಾಕಿಸಿ, ಕೊನೆಯ ಹದಿನೈದಕ್ಕೆ ಬರೆಸಿದನಂತೆ. ಕೇಳಿ ನನಗೆ ಬೇಜಾರೇ ಆಯಿತು.

ಕಡಲಿನ ಉಪ್ಪುಗಾಳಿಗೆ ವರ್ಷದೊಳಗೆ ಆ ಬೋರ್ಡು ಕಿಲುಬು ಹಿಡಿದು ಕೆಟ್ಟಿತು. ಅಷ್ಟು ಹೊತ್ತಿಗೆ ಅವನ ಮಾತು ಪೂರ್ತಿ ಹೋಗಿತ್ತು. ಕಾಲೇಜಿನಲ್ಲಿ ಪರೀಕ್ಷೆಯ ದಿನಗಳು. ಗಡಿಬಿಡಿಯಲ್ಲಿ ಲ್ಯಾಬಿನ ಮಾದರಿಯಲ್ಲೇ ಇನ್ನೊಂದು ಮಾಡಿ, ವಿಶಾಖಪಟ್ಟಣಕ್ಕೆ ಹೊರಟಿದ್ದ ಸಹೋದ್ಯೋಗಿಯೊಬ್ಬರ ಕೈಯಲ್ಲಿ ಕಳಿಸಿದೆ. ನೆಟ್ಟಗೆ ಮಾಡುವ ಆ ಒಂದು ಸಾಲು ಸೇರಿಸಲು ಮರೆತಿದ್ದೆ.

ಮರುದಿನದಿಂದ ಅತ್ತಿಗೆಯ ಫೋನು ಶುರು. "ನಾಲ್ಕೂ ದೀಪ ಹತ್ತಿದೆ ಕಣಪ್ಪ, ನಿನ್ನನ್ನೇ ಕರೀತಿದಾರೆ." ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಅಣ್ಣನ ಕಿವಿಗೆ ಫೋನ್ ಹಿಡಿಯುತ್ತಿದ್ದರು, ನಾನು ಅದೂ ಇದೂ ಮಾತಾಡುತ್ತಿದ್ದೆ. ನಾಲ್ಕನೆಯ ದಿನ ಬೆಂಜ್ ಸರ್ಕಲಿನ ಟ್ರಾಫಿಕ್ಕಿನಲ್ಲಿ ಸ್ಕೂಟರಿನ ಮೇಲೆ ಬೇಯುತ್ತಿದ್ದಾಗ ಮತ್ತೆ ಬಂತು. ಫೋನು ಅವನ ಕಿವಿಯಲ್ಲಿದೆ ಎಂದು ಗೊತ್ತಿದ್ದೂ ರೇಗಿದೆ. "ಅಣ್ಣ, ಹೊತ್ತುಗೊತ್ತಿಲ್ಲದೆ ಹೀಗೆ ಕರೀತಾ ಇದ್ರೆ ನಾನು ಕೆಲಸ ಮಾಡೋದು ಬೇಡ್ವಾ?" ಫೋನು ಇಟ್ಟು ಸ್ಕೂಟರ್ ಮುಂದೆ ಬಿಟ್ಟೆ. ಅಂದಿನಿಂದ ಫೋನು ನಿಂತಿತು. ನಿಜ ಹೇಳುತ್ತೇನೆ, ನನಗೆ ಹಾಯೆನಿಸಿತ್ತು.

ಪರೀಕ್ಷೆ ಮುಗಿಸಿ ಮೂರು ವಾರದ ಮೇಲೆ ಹೋದೆ. ಅತ್ತಿಗೆ ಅವನಿಗೆ ಗಂಜಿ ಕುಡಿಸಿ ಬೋರ್ಡನ್ನು ಸೊನ್ನೆಗೆ ತಂದರು. ನಾಲ್ಕೂ ದೀಪ ಹತ್ತಿದವು. ಅಣ್ಣನ ಹೆಬ್ಬೆರಳು ಅಲುಗಿತು. ಒಂದು ಸಲ ಒತ್ತಿ, ನಿಂತು, ಉಸಿರೆಳೆದುಕೊಂಡು, ಮತ್ತೊಂದು ಸಲ. ನಾನು ಎಣಿಸಿದೆ. ಹದಿನೈದನೆಯದಕ್ಕೆ ಎಲ್ಲ ದೀಪವೂ ಆರಿದವು. ಅವನ ಹಣೆ ಬೆವತಿತ್ತು.

"ನೀನು ಆವತ್ತು ಬೈದ ಮೇಲೆ ದಿನಾ ಹಿಂಗೇ. ಹತ್ತಿದ್ದನ್ನೆಲ್ಲ ಆರಿಸಿಬಿಡ್ತಾರೆ" ಎಂದರು ಅತ್ತಿಗೆ.

ಅವನು ಏನೂ ಕೇಳದೆ ಸುಮ್ಮನಿದ್ದಾಗಲೇ ಬೋರ್ಡು ಹದಿನೈದು ತೋರಿಸುತ್ತಿತ್ತು. ಅವನಿಗೆ ಇದು ಮೊದಲ ದಿನವೇ ತಿಳಿದಿರಬೇಕು. 'ನಿನ್ನ ಬೋರ್ಡು ತಪ್ಪಿದೆ' ಎನ್ನಲು ಪಟ್ಟಿಯಲ್ಲಿ ಸಂಖ್ಯೆ ಇರಲಿಲ್ಲ. ಹಾಗೆ ಆರಿಸಿಟ್ಟ ಮೇಲೆ ಮತ್ತೊಮ್ಮೆ ಒತ್ತಿದರೆ ಎಣಿಕೆ ಸೊನ್ನೆಗೆ ಮರಳಿ ನಾಲ್ಕೂ ದೀಪ ಹತ್ತುತ್ತಿದ್ದವು, ಅಲ್ಲಿಂದ ಒಂದೊಂದು ಒತ್ತಿಗೂ ದೀಪದ ಸಂಖ್ಯೆ ಹದಿನೈದರಿಂದ ಕೆಳಗಿಳಿಯುತ್ತಿತ್ತು. ಹಾಗಾಗಿ ಎರಡು ಸಲ ಒತ್ತಿ ಕೇಳಬೇಕಾದ ನೀರನ್ನು ಹದಿನಾಲ್ಕು ಸಲ ಒತ್ತಿ ಕೇಳುತ್ತಿದ್ದ. ಉಳಿದ ಬಲವನ್ನು ನನಗೆ ಫೋನು ಹೋಗದಂತೆ ತಡೆಯಲು ಖರ್ಚು ಮಾಡುತ್ತಿದ್ದ.

ಲ್ಯಾಪ್‌ಟಾಪ್ ತೆಗೆದು ಆ ಸಾಲು ಸೇರಿಸಲು ಐದು ನಿಮಿಷ ಹಿಡಿಯಿತು. "ತಪ್ಪು ನಂದು ಅಣ್ಣ" ಎಂದು ಅವನ ಕೈ ಹಿಡಿದುಕೊಂಡು ಅತ್ತೆ. ಅವನು ಒಮ್ಮೆ ಒತ್ತಿದ. ಒಂದೇ ದೀಪ ಹತ್ತಿತು. "ಅರೆಪಾವು" ಎನ್ನುತ್ತ ಅತ್ತಿಗೆ ಮಗ್ಗುಲು ಹೊರಳಿಸಿದರು.

ಆಮೇಲೆ ಹೆಬ್ಬೆರಳು ಆಡಿದ್ದು ಹತ್ತು ಹನ್ನೊಂದು ದಿನವಷ್ಟೆ. ಹೇಗಿದ್ದರೂ ನಿಲ್ಲುವುದಿತ್ತು ಎಂದರು ಡಾಕ್ಟರು. ನಾನು ವಾದಿಸಲಿಲ್ಲ, ನಂಬಲೂ ಇಲ್ಲ. ಮರುತಿಂಗಳು ಅಣ್ಣ ಹೋದ.

ವೈಕುಂಠ ಸಮಾರಾಧನೆ ಮುಗಿದ ಮಧ್ಯಾಹ್ನ ಗೋಡೆಯ ಪಟ್ಟಿ ಕೀಳುತ್ತ ಅತ್ತಿಗೆಯನ್ನು ಕೇಳಿದೆ, ಹಳೆಯ ಬೋರ್ಡಿನಲ್ಲಿ ಅವನು ಹದಿನೈದು ಎಷ್ಟು ಸಲ ಒತ್ತಿದ್ದ ಎಂದು.

"ಒಂದ್ಸಲನೂ ಇಲ್ಲ ಕಣಪ್ಪ. ಅದನ್ನ ಕೊನೇಗೆ ಹಾಕಿಸಿದ್ದೇ ಅದಕ್ಕೆ. ಕೈತಪ್ಪಿ ಒತ್ತಿದ್ರೆ ಅವನು ಕ್ಲಾಸು ಬಿಟ್ಟು ಓಡಿ ಬಂದ್ಬಿಡ್ತಾನೆ ಅಂತಿದ್ರು."