ಮಾಲತೇಶಪ್ಪನವರು ಮಂಡಕ್ಕಿ ಕಟ್ಟಿಟ್ಟು ನೋಡಿದ್ದು

ನಮ್ಮ ಕಾಲೇಜಿನ ಎಕ್ಸ್-ರೇ ಯಂತ್ರ ನಡೆಸುತ್ತಿದ್ದ ಮಾಲತೇಶಪ್ಪನವರು ಎದುರಿಗೆ ಬಂದರೆ ಮೇಷ್ಟ್ರುಗಳು ದಾರಿ ಬದಲಿಸುತ್ತಿದ್ದರು. ಕಾರಣ ಇಷ್ಟೇ, ಮನುಷ್ಯ ಪ್ರಶ್ನೆ ಕೇಳುತ್ತಾರೆ. ಕಾಗದದ ಮೇಲೆ ಅವರು ಅಟೆಂಡರ್. ಓದಿದ್ದು ಪಿಯುಸಿ, ಅದೂ ಎರಡನೇ ಸಲಕ್ಕೆ ಪಾಸು. ದಿನಾ ಲೋಕಿಕೆರೆಯಿಂದ ಬಸ್ಸಿನಲ್ಲಿ ದಾವಣಗೆರೆಗೆ ಬಂದು, ಇಪ್ಪತ್ತಾರು ವರ್ಷ ಅದೇ ಯಂತ್ರದ ಧೂಳು ಒರೆಸಿದವರು. ಯಾರ್ಯಾರೋ ತಂದ ಸಿಮೆಂಟು, ಬೂದಿ, ಕಬ್ಬಿಣದ ಚೂರುಗಳನ್ನು ಅದರೊಳಗಿಟ್ಟು ಗ್ರಾಫು ತೆಗೆದು ಕೊಡುವುದು ಅವರ ಕೆಲಸ. ಕೊಟ್ಟು ಸುಮ್ಮನಿರಬೇಕಲ್ಲ? “ಇದ್ರಾಗೆ ಏನು ಹುಡುಕಾಕ ಹತ್ತೀರಿ?” ಎಂದು ಕೇಳದೆ ಒಬ್ಬರನ್ನೂ ಬಿಟ್ಟವರಲ್ಲ.

ನಾನು ವಾಣಿಶ್ರೀ, ಎಸ್.ಎಸ್. ಬಡಾವಣೆಯವಳು. ಆಗ ನನ್ನ ಪಿಎಚ್.ಡಿ.ಯ ನಾಲ್ಕನೇ ವರ್ಷ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯವರು ಹೇಳುತ್ತಾರೆ, ಸುಳ್ಳೇನಲ್ಲ. ಆದರೂ ಅವರ ಪ್ರಶ್ನೆಗೆ ಒಂದು ಮಧ್ಯಾಹ್ನ ಕೂತು ಉತ್ತರ ಹೇಳಿದ್ದೆ. ನನ್ನ ಕೆಲಸ ಒಂದು ಜಾತಿಯ ಜೇಡಿಮಣ್ಣಿನದು. ಅದರ ಕಣ ಒಂದೊಂದೂ ಖಡಕ್ ರೊಟ್ಟಿಯ ಅಟ್ಟಿಯಿದ್ದ ಹಾಗೆ, ಹಾಳೆಯ ಮೇಲೆ ಹಾಳೆ. ಒಂದು ಹಾಳೆಯ ದಪ್ಪ ಕೂದಲೆಳೆಯ ಹತ್ತಾರು ಸಾವಿರದಲ್ಲಿ ಒಂದು ಪಾಲು. ಕರಗಿದ ನೈಲಾನಿನಲ್ಲಿ ಆ ಅಟ್ಟಿಗಳನ್ನು ಬಿಡಿಸಿ, ಒಂದೊಂದೇ ಹಾಳೆಯಾಗಿ ಹರಡಿಬಿಟ್ಟರೆ, ಆ ನೈಲಾನಿನಿಂದ ಮಾಡಿದ ತೆಳು ಪರದೆಯಲ್ಲಿ ತೇವ ನೇರ ನುಗ್ಗಲಾರದು. ಹಾಳೆ ಹಾಳೆಗೂ ಸುತ್ತು ಹಾಕಿಕೊಂಡು ಬರಬೇಕು.

“ಬಿಟ್ಟಾವೋ ಇಲ್ಲೋ ಅಂತ ಹೆಂಗೆ ಗೊತ್ತಾಗತೈತೆ?” ಎಂದು ಕೇಳಿದರು.

“ಅಟ್ಟಿ ಹಂಗೇ ಇದ್ರೆ ಗ್ರಾಫಿನಲ್ಲಿ ಒಂದು ಗುಡ್ಡ ಏಳುತ್ತೆ. ಪೂರ್ತಿ ಬಿಟ್ಟರೆ ಗುಡ್ಡ ಇರಲ್ಲ.”

“ಅಂದ್ರ ನೀವು ಗೆದ್ರೆ ಏನೂ ಕಾಣಂಗಿಲ್ಲ!” ಎಂದು ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವಂಥದ್ದೇನಿತ್ತೋ ನನಗೆ ತಿಳಿಯಲಿಲ್ಲ.

ಹರಿಹರದಲ್ಲಿ ಹಿದಾಯತ್ ಎಂಬವರ ಸಣ್ಣ ಪ್ಲಾಸ್ಟಿಕ್ ಕಾರ್ಖಾನೆಯಿದೆ. ಅವರು ತಮ್ಮ ಯಂತ್ರವನ್ನು ಎರಡು ದಿನ ನನಗೆ ಬಿಟ್ಟುಕೊಟ್ಟರು. ಮಣ್ಣು ಬೆರೆಸಿದ ನೈಲಾನ್ ಪರದೆ ಒಂದು ಸುರುಳಿ, ಬೆರೆಸದ್ದು ಒಂದು ಸುರುಳಿ ಮಾಡಿಸಿಕೊಂಡು ಬಂದೆ. ಮಾಲತೇಶಪ್ಪನವರು ಗ್ರಾಫು ತೆಗೆದರು. ಮಣ್ಣಿನ ಗುಡ್ಡ ಇರುತ್ತಿದ್ದದ್ದು ಎಕ್ಸ್-ರೇ ಕಿರಣದ ಕೋನ ಆರು ಡಿಗ್ರಿಯ ಹತ್ತಿರ ಇರುವಲ್ಲಿ. ಈಗ ಅಲ್ಲಿ ಗೆರೆ ಮಟ್ಟಸವಾಗಿ ಮಲಗಿತ್ತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ವಿಭಾಗದವರಿಗೆಲ್ಲ ಪೇಡಾ ಹಂಚಿದೆ, ಲೇಖನ ಬರೆದು ಪತ್ರಿಕೆಗೆ ಕಳಿಸಿದೆ, ಅದು ಒಪ್ಪಿಗೆಯೂ ಆಯಿತು. ಆ ಲೇಖನವನ್ನೇ ನೆಚ್ಚಿಕೊಂಡು ತಿಂಗಳ ಕೊನೆಗೆ ಪ್ರಬಂಧ ಸಲ್ಲಿಸುವುದೆಂದು ನಿಶ್ಚಯವಾಯಿತು.

ಮಾಲತೇಶಪ್ಪನವರು ಎರಡೂ ಸುರುಳಿಯಿಂದ ಅಂಗೈಯಗಲದ ತುಂಡುಗಳನ್ನು ಕೇಳಿದರು. ಏನು ಮಾಡುತ್ತೀರಿ ಎಂದೂ ಕೇಳದೆ ಕೊಟ್ಟೆ.

ಆಷಾಢದ ಮಳೆ ಹಿಡಿದಿತ್ತು. ಒಂದು ಬೆಳಿಗ್ಗೆ ಅವರು ಚೀಲದಿಂದ ಉಪ್ಪಿನಕಾಯಿಯ ಎರಡು ಹಳೇ ಬಾಟಲಿಗಳನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. ಎರಡರಲ್ಲೂ ಒಂದೊಂದು ಹಿಡಿ ಮಂಡಕ್ಕಿ. ಒಂದರ ಬಾಯಿಗೆ ನನ್ನ ಮಣ್ಣಿನ ಪರದೆ, ಇನ್ನೊಂದಕ್ಕೆ ಬರೀ ನೈಲಾನ್. ರಬ್ಬರ್ ಬ್ಯಾಂಡು ಬಿಗಿದು ಸುತ್ತ ಮೇಣ ಮೆತ್ತಿದ್ದರು.

“ಬಚ್ಚಲಮನ್ಯಾಗ ಇಟ್ಟಿದ್ದೆ. ನಾಕು ದಿನಕ್ಕೆ ಎರಡೂ ಒಂದೇ ಸಮ ಮೆತ್ತಗಾದ್ವು. ಸುತ್ತು ಹಾಕ್ಕೊಂಡು ಬರೋ ತೇವ ಇಷ್ಟು ಲಗೂನ ಹೆಂಗೆ ಬಂತು ಮೇಡಂ?”

“ನಿಮ್ಮ ಮೇಣದಾಗೆ ಸಂದಿ ಇರಬೇಕು” ಎಂದು ರೇಗಿದೆ.

“ನಾನೂ ಹಂಗೇ ಅನ್ಕೊಂಡೆ. ಅದಕ್ಕ ಮೂರು ಸಲ ಮಾಡಿದೆ. ಪರದೆ ಅದಲು ಬದಲು ಮಾಡಿನೂ ನೋಡಿದೆ.”

ಮಂಡಕ್ಕಿ ನೋಡಿ ಪ್ರಬಂಧ ಬರೆಯಲಾಗುತ್ತದೆಯೇ ಎಂದು ಕೂಗಾಡಿ ಅವರನ್ನು ಕಳಿಸಿದೆ. ಅವರು ಬಾಟಲಿಗಳನ್ನು ಬಿಟ್ಟು ಹೋದರು. ಒಂದರ ಮುಚ್ಚಿಗೆ ಬಿಚ್ಚಿ ಒಂದು ಕಾಳು ಬಾಯಿಗೆ ಹಾಕಿಕೊಂಡೆ. ರಬ್ಬರಿನಂತಿತ್ತು. ಇನ್ನೊಂದೂ ಅಷ್ಟೇ. ಆಮೇಲೆ ನನಗೆ ಹೊಳೆಯಿತು, ದೊಡ್ಡ ಪ್ರಯೋಗಾಲಯಗಳಲ್ಲಿ ತೇವ ಅಳೆಯುವುದೂ ಹೆಚ್ಚುಕಡಿಮೆ ಹೀಗೆಯೇ, ಬಟ್ಟಲಿನ ಬಾಯಿಗೆ ಪರದೆ ಬಿಗಿದು. ಈ ಪರೀಕ್ಷೆಯನ್ನು ನಾನು ಮಾಡಿಯೇ ಇರಲಿಲ್ಲ.

ಗ್ರಾಫನ್ನು ಮತ್ತೆ ತೆಗೆದು ನೋಡಿದೆ. ಅದು ಶುರುವಾಗಿದ್ದದ್ದೇ ಐದು ಡಿಗ್ರಿಯಿಂದ. ಹಾಳೆಗಳು ಪೂರ್ತಿ ಬಿಡದೆ ಬರೀ ಸ್ವಲ್ಪ ದೂರ ಸರಿದರೆ ಗುಡ್ಡ ಮಾಯವಾಗುವುದಿಲ್ಲ, ಎಡಕ್ಕೆ, ಐದಕ್ಕಿಂತ ಕೆಳಕ್ಕೆ ಜಾರುತ್ತದೆ. ನಾವು ಆ ಕಡೆ ತಿರುಗಿಯೂ ನೋಡಿರಲಿಲ್ಲ.

ಎಕ್ಸ್-ರೇ ಕೋಣೆಗೆ ಓಡಿದೆ. “ಐದರಿಂದ ಯಾಕ ಶುರು ಮಾಡಿದ್ರಿ?”

“ಎಷ್ಟರಿಂದ ಮಾಡ್ಲಿ ಅಂತ ಕೇಳಿದ್ನಲ್ರಿ? ಯಾವಾಗಿನಂಗೆ ಮಾಡಿ ಅಂದ್ರಿ. ಸಿಮೆಂಟಿಗೆ ಐದರಿಂದಾನೇ.”

ಹೌದು, ಹಾಗೆಯೇ ಅಂದಿದ್ದೆ. ಫೋನಿನಲ್ಲಿ ಮಾತಾಡುತ್ತ, ಅವರ ಮುಖವನ್ನೂ ನೋಡದೆ.

ಮಣ್ಣಿನ ಪರದೆಯ ಚೂರಿಟ್ಟು ಎರಡು ಡಿಗ್ರಿಯಿಂದ ಮತ್ತೆ ಓಡಿಸಿದರು. ಇಬ್ಬರೂ ಕಂಪ್ಯೂಟರನ್ನೇ ನೋಡುತ್ತ ಕೂತೆವು. ಮೂರರ ಹತ್ತಿರ ಗೆರೆ ಎದ್ದಿತು, ಏರಿತು, ಏರುತ್ತಲೇ ಹೋಯಿತು. ಹಾಳೆಗಳು ಬಿಟ್ಟಿರಲಿಲ್ಲ. ನಡುವೆ ಒಂದಿಷ್ಟು ನೈಲಾನು ತೂರಿಸಿಕೊಂಡು, ಅಟ್ಟಿ ಅಟ್ಟಿಯಾಗಿಯೇ ಕೂತಿದ್ದವು.

ನನಗೆ ಅಳು ಬಂತು. ನಾಲ್ಕು ವರ್ಷ. ಒಪ್ಪಿಗೆಯಾದ ಲೇಖನ. ತಿಂಗಳ ಕೊನೆಗೆ ಇನ್ನು ಹನ್ನೊಂದು ದಿನ. ನಾನು ಎದ್ದು ಬಾಗಿಲು ಮುಂದೆ ಮಾಡಿದೆ.

“ಇದನ್ನ ಅಳಿಸಿಬಿಡ್ರಿ. ಯಾರಿಗೂ ಹೇಳಬ್ಯಾಡ್ರಿ” ಎಂದೆ. ಆ ಮಾತು ನನ್ನ ಬಾಯಿಂದಲೇ ಬಂತು, ಈಗ ಮುಚ್ಚಿಡುವುದಿಲ್ಲ.

ಮಾಲತೇಶಪ್ಪನವರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು. “ಯಾರಿಗೂ ಹೇಳಂಗಿಲ್ಲ ಬಿಡ್ರಿ. ಹೇಳಲೇಬೇಕು ಅಂತ ಬಂದ್ರೆ ಮೆಷಿನ್ ಓಡಿಸಿದೋನು ನಾನು, ತಪ್ಪು ನನ್ನದೇ ಅಂತ ಬರೀರಿ. ಎರಡು ತಿಂಗಳಿಗೆ ರಿಟೈರ್ ಆಗೋನು, ನನಗೇನು ಮಾಡ್ತಾರೆ? ನಿಮ್ಮ ಓದು ನಿಲ್ಲಬಾರ್ದು.” ಆಮೇಲೆ ಕಂಪ್ಯೂಟರಿನ ಹತ್ತಿರ ಬಾಗಿ, ಮೂರರ ಗುಡ್ಡದ ಮೇಲೆ ಬೆರಳಿಟ್ಟರು. ಕಣ್ಣುಗಳು ಮಿನುಗುತ್ತಿದ್ದವು. “ಆದ್ರ ಮೇಡಂ, ಅರ್ಧ ಸರಿದು ಯಾಕ ನಿಂತ್ವು ಅಂತ ನಿಮಗೆ ಗೊತ್ತಾಗಬೇಕು ಅನ್ಸಲ್ವೇನ್ರಿ?”

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಷ್ಟು ಹೊತ್ತಿನಲ್ಲಿ ನನಗೆ ಆ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ. ಎರಡು ತಿಂಗಳಲ್ಲಿ ಮನೆಗೆ ಹೋಗುವ ಆ ಮನುಷ್ಯನಿಗೆ ಬಂದಿತ್ತು.

ಲೇಖನ ವಾಪಸು ಪಡೆಯುವ ಪತ್ರವನ್ನು ಅವರ ಕೋಣೆಯಲ್ಲೇ ಕೂತು ಬರೆದೆ. ಕೋನವನ್ನು ನಿರ್ಧರಿಸಿದವಳು ನಾನು, ತಪ್ಪು ನನ್ನದು ಎಂದು ಬರೆದು ಕಳಿಸಿದೆ. ಆಮೇಲೆ ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡು ಕೂತೆ.

“ಹೇಳ್ರಿ, ಯಾಕ ನಿಂತಿರಬೌದು?” ಎಂದು ಕೇಳಿದೆ.