ಪಾದ್ರಿಯ ಶಬ್ದವೂ ಹಕ್ಕಲಿನ ಹೊಲವೂ

ನನ್ನ ತಮ್ಮ ಗೋಕಾಕದಲ್ಲಿ ಒಬ್ಬ ಪಾದ್ರಿಗೆ ಕನ್ನಡ ಕಲಿಸುವ ಮುನ್ಶಿಯಾಗಿದ್ದ. ಪಾದ್ರಿ ತಮ್ಮ ಧರ್ಮಗ್ರಂಥವನ್ನು ಮುಂದಿಟ್ಟುಕೊಂಡು, ಹಿಬ್ರೂ ಭಾಷೆಯ ಒಂದೊಂದು ಶಬ್ದಕ್ಕೂ ಕನ್ನಡ ಕೇಳುತ್ತಿದ್ದರಂತೆ. ಪಂಚಮಿಗೆ ನಾನು ಯಮಕನಮರಡಿಯ ತವರಿಗೆ ಹೋದಾಗ ತಮ್ಮನ ಬಾಯಲ್ಲಿ ಅದೇ ಮಾತು.

“ಅಕ್ಕಾ, ‘ಆನೀ’ ಅಂದ್ರ ಬಡವ. ಬರೇ ರೊಕ್ಕ ಇಲ್ಲದಾಂವ ಅಲ್ಲ ಮತ್ತ. ಕಷ್ಟಕ್ಕ ಬಾಗಿದಾಂವ. ಸುಗ್ಗಿ ಮಾಡುಮುಂದ ಬಿದ್ದ ತೆನಿ ಅಂಥವರಿಗೆ ಬಿಡಬೇಕಂತ ಅವರ ಗ್ರಂಥದಾಗ ಐತಿ.”

“ಅದಕ್ಯಾಕ ಅಷ್ಟು ದೂರ ಹೋಗ್ತಿಯೋ? ನಮ್ಮಲ್ಲಿ ಹಕ್ಕಲು ಬಿಡೂದಿಲ್ಲೇನು?” ಎಂದು ನಕ್ಕೆ. ಮೈಮೇಲಿದ್ದ ಇಳಕಲ್ಲ ಸೀರೆ ನೆರೆಮನೆಯವಳದು. ಮೂಡಲಗಿಯಲ್ಲಿ ನನ್ನ ಗಂಡ ಹಾಸಿಗೆ ಹಿಡಿದಿದ್ದ. ಎತ್ತು ಹೋಗಿದ್ದವು, ಹೊಲವೂ ಹೋಗಿತ್ತು. ತವರಿಗೆ ಇದೊಂದೂ ತಿಳಿಯದು, ತಿಳಿಯಬಾರದೆಂದೇ ನನ್ನ ಹಟ. ಊರಿಗೆಲ್ಲ ಊಟ ಹಾಕಿಸಿ ಮದುವೆ ಮಾಡಿಕೊಟ್ಟ ಮಗಳು ನಾನು. ಏನಂತ ಬಾಯಿ ಬಿಡಲಿ?

ಮೂಡಲಗಿಗೆ ಮರಳಿದೆ. ಸುಗ್ಗಿ ಬಂತು. ಗುರುತಿನವರ ಕಣ್ಣಿಗೆ ಬೀಳಬಾರದೆಂದು ನಸುಕಿನಲ್ಲೆದ್ದು ತುಕ್ಕಾನಟ್ಟಿಯ ಕಡೆ ಹಕ್ಕಲು ಆಯಲು ಹೋಗುತ್ತಿದ್ದೆ. ಕೊಯ್ಲಾದ ಮೇಲೆ ನೆಲದಲ್ಲಿ ಉಳಿದ ಜೋಳದ ತೆನೆಯೇ ಹಕ್ಕಲು. ಅದಕ್ಕೊಂದು ಪದ್ಧತಿಯಿತ್ತು. ಬೆಳೆ ಸಾಗಿಸಿದ ಹೊಲದ ಯಜಮಾನ ಬೆನ್ನು ಮಾಡಿ ನಡೆದರೆ ತಿರುಗಿ ನೋಡುವುದಿಲ್ಲ. ಆಯುವವರು ಯಾರೆಂದು ಕೇಳುವುದೂ ಇಲ್ಲ. ಆ ಬೆನ್ನನ್ನು ನಂಬಿಕೊಂಡೇ ನಾನು ಹೋಗುತ್ತಿದ್ದದ್ದು.

ಒಂದು ದಿನ ಬದುವಿನ ಮೇಲಿಂದ ತಮ್ಮನ ದನಿ ಕೇಳಿತು. ಜೊತೆಗೆ ಪಾದ್ರಿ.

“ನೋಡ್ರಿ ಸಾಹೇಬ್ರ, ನಿಮ್ಮ ಶಬ್ದ ಇಲ್ಲೇ ಐತಿ. ಅಲ್ಲಿ ಬಾಗ್ಯಾಳಲ್ಲ ಆ ಹೆಣ್ಮಗಳು, ಅಂಥವರಿಗೇ ಆನೀ ಅನ್ನೂದು.”

ಆ ಹೆಣ್ಣುಮಗಳು ನಾನು. ಹಕ್ಕಲಿನ ಮಾತು ಅವನ ತಲೆಗೆ ತುಂಬಿದವಳೂ ನಾನೇ. ಇವನ ವಿದ್ಯೆಗಿಷ್ಟು ಬೆಂಕಿ ಹಾಕಲಿ ಎಂದು ಹಲ್ಲು ಕಚ್ಚಿ, ಸೆರಗನ್ನು ಮುಖದ ಮೇಲೆ ಎಳೆದುಕೊಂಡೆ. ನೆಟ್ಟಗಾದರೆ ಗುರುತು ಹತ್ತುತ್ತದೆ. ನಡು ಕಳಚಿ ಬೀಳುವಂತಾದರೂ ಬಾಗಿಯೇ ಇದ್ದೆ. ಅವನೇ ಬದುವಿಳಿದು ಬಂದ. ಬಿದ್ದಿದ್ದ ತೆನೆಯೊಂದನ್ನು ಎತ್ತಿ, “ತಗೋ ಯವ್ವಾ” ಎಂದ.

ಬೇಡವೆಂದರೆ ದನಿ ಸಿಕ್ಕಿಬೀಳುತ್ತದೆ. ಕೈ ಚಾಚಿದೆ. ನನ್ನ ಮುಂಗೈ ಮೇಲೆ ಚೇಳಿನ ಹಚ್ಚೆಯಿದೆ. ಸಣ್ಣವಳಿದ್ದಾಗ ಅದನ್ನು ಹಾಕಿಸಿಕೊಳ್ಳುತ್ತ ನಾನು ಅತ್ತರೆ, ನನಗಿಂತ ಜೋರಾಗಿ ಅತ್ತವನು ಇವನು.

ತೆನೆ ನನ್ನ ಕೈಗೆ ಬಿತ್ತು. ತಮ್ಮನ ಕಣ್ಣು ನನ್ನ ಮುಂಗೈ ಮೇಲೆಯೇ ನಿಂತಿತು. ಬದುವಿನ ಮೇಲಿಂದ ಪಾದ್ರಿ ಏನೋ ಕೇಳಿದರು.

“ನಡೀರಿ ಸಾಹೇಬ್ರ. ಹಕ್ಕಲು ಆಯುವವರನ್ನ ನಿಂತು ನೋಡಬಾರದ್ರಿ” ಎಂದವನೇ ಹೊಲಕ್ಕೆ ಬೆನ್ನು ಮಾಡಿ ನಡೆದ. ತಿರುಗಿ ನೋಡಲಿಲ್ಲ. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೆ ಅನ್ನಿಸಿತು.

ಮುಂದಿನ ಪಂಚಮಿಗೆ ನನ್ನನ್ನು ಕರೆದೊಯ್ಯಲು ಅವನೇ ಗಾಡಿ ಹೊಡೆದುಕೊಂಡು ಬಂದ. ದಾರಿಯುದ್ದಕ್ಕೂ ಈಗ ಕೇಳಿಯಾನು, ಆಗ ಕೇಳಿಯಾನು ಎಂದು ಕಾದೆ. ಕೇಳಲಿಲ್ಲ. ತಡೆಯಲಾರದೆ ನಾನೇ, “ಆ ಶಬ್ದಕ್ಕ ಏನ್ ಬರದ್ರೋ?” ಅಂದೆ.

ಎತ್ತುಗಳ ಕಡೆಗೇ ನೋಡುತ್ತ ಹೇಳಿದ: “ಬಡವ ಅಂತನ ಬರಸೇನಿ, ಅಕ್ಕಾ. ಬಾಗಿದಾಂವ ಅಂತ ಹೇಳಾಕ ನನಗ ಬಾಯಿ ಬರಲಿಲ್ಲ.”

ನಾನು ಮುಂಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಯಮಕನಮರಡಿ ಬರುವ ತನಕ ಹೊರಗೆ ತೆಗೆಯಲಿಲ್ಲ.